ಹುಳುಮನೆಯಲ್ಲಿ ಬೆಕ್ಕು

ದೊಡ್ಡಬೆಳವಂಗಲ
11 ಜನವರಿ 2026, ಭಾನುವಾರ

ಪ್ರೀತಿಯ ನೌರೀನ್,

ಇಲ್ಲಿ ನಾವೆಲ್ಲರೂ ಉಂಡು ತಿಂದು ಓಡಾಡಿಕೊಂಡಿದ್ದೇವೆ. ನಮ್ಮ ಬೆಕ್ಕಿನ ವಿಷಯ ಮಾತ್ರ ಅಷ್ಟು ಧೈರ್ಯವಾಗಿ ಹೇಳಲಾರೆ. ಪತ್ರ ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೆಲಸ ಜಾಸ್ತಿ ಇತ್ತು ಎಂದು ಬರೆಯಲು ಹೊರಟೆ, ನನಗೇ ನಗು ಬಂತು. ಇಪ್ಪತ್ತೆರಡು ವರ್ಷ ಯಾರಿಗೆ ಅಷ್ಟು ಕೆಲಸವಿರುತ್ತದೆ?

ನಾನು ಮಮತ. ದೊಡ್ಡಬಳ್ಳಾಪುರದಲ್ಲಿ ನಿಮ್ಮ ಬೀದಿಯ ಕೊನೆಯ ಮಗ್ಗದ ಮನೆಯ ಮಮತ. ನಿಮ್ಮಪ್ಪನ ಅತ್ತರಿನ ಅಂಗಡಿಯಲ್ಲಿ ಕಣ್ಣು ಮುಚ್ಚಿ ಶೀಶೆ ಮೂಸಿ ಹೆಸರು ಹೇಳುವ ಆಟದಲ್ಲಿ ಹತ್ತೊಂಬತ್ತಕ್ಕೇ ನಿಂತುಬಿಡುತ್ತಿದ್ದವಳು. ನೀನು ನಲವತ್ತು ದಾಟುತ್ತಿದ್ದೆ, ಆಮೇಲೆ ಒಂದು ವಾರ ಅದನ್ನೇ ಸ್ಕೂಲಿಗೆಲ್ಲ ಸಾರಿಕೊಂಡು ಬರುತ್ತಿದ್ದೆ. ಆ ಜಂಬ ಈಗಲೂ ಇದೆಯೋ ಇಲ್ಲವೋ ತಿಳಿಯುವ ಆಸೆ ನನಗೆ.

ನಿನ್ನ ತಮ್ಮ ಅಕ್ರಂ ನಂಬರ್ ಕೊಟ್ಟ. ಎರಡು ಸಲ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ಫೋನಿನಲ್ಲಾದರೆ ನೀನು ಮೊದಲ ಮಾತಿಗೇ "ಯಾಕೆ?" ಎಂದು ಕೇಳಿಬಿಡುತ್ತೀಯ. ನನ್ನ ಉತ್ತರ ಸುತ್ತಿ ಬಳಸಿ ಬರಬೇಕು. ಅದಕ್ಕೇ ಕಾಗದ ಹಿಡಿದಿದ್ದೇನೆ. ಮೊದಲು ಬೆಕ್ಕಿನ ಸಮಾಚಾರ ಬರೆಯುತ್ತೇನೆ, ಏಕೆಂದರೆ ಹೊಸಕೋಟೆಯ ನಿನ್ನ ಮನೆಯಲ್ಲೂ ಒಂದು ಬೆಕ್ಕು ಇದೆಯಂತೆ. ನಾನು ನಿನ್ನ ಜೊತೆ ಯಾಕೆ ಮಾತು ಬಿಟ್ಟೆ ಎನ್ನುವುದನ್ನು ಆಮೇಲೆ ಬರೆಯುತ್ತೇನೆ.

ನಮ್ಮ ಮನೆಯವರ ಪರಿಚಯ ಆಗಲಿ. ನಮ್ಮವರು ದೇವೇಂದ್ರ, ಬಾಶೆಟ್ಟಿಹಳ್ಳಿಯ ಶಿಫ್ಟ್ ಬಸ್ಸಿನ ಡ್ರೈವರ್. ನಾನು ಅದೇ ಬಸ್ಸಿನಲ್ಲಿ ಹೋಗಿ ಗಾರ್ಮೆಂಟ್ಸಿನ ಚೆಕಿಂಗ್ ಸೆಕ್ಷನ್ನಿನಲ್ಲಿ ನಿಲ್ಲುತ್ತೇನೆ. ದಿನಕ್ಕೆ ಎಂಟು ಗಂಟೆ ಬೇರೆಯವರು ಹೊಲಿದ ಶರ್ಟಿನಲ್ಲಿ ತಪ್ಪು ಹುಡುಕುವುದೇ ನನ್ನ ಕೆಲಸ. ಮನೆಗೆ ಬಂದ ಮೇಲೂ ಅದೇ ಮಾಡುತ್ತೀಯ ಎಂದು ಇವರು ಆಡಿಕೊಳ್ಳುತ್ತಾರೆ. ಮಗಳು ಸಂಘಮಿತ್ರ, ಬಿ.ಕಾಂ. ಕೊನೆಯ ವರ್ಷ. ಅತ್ತೆ ಸಪ್ಪಲಮ್ಮ, ಎಪ್ಪತ್ನಾಲ್ಕು. ಮತ್ತೆ ಹುರುಳಿ. ಹುರುಳಿಕಾಳಿನ ಬಣ್ಣದ ಬೆಕ್ಕು, ಎರಡು ವರ್ಷದ ಹಿಂದೆ ಬೂಸಾ ಮೂಟೆಯ ಸಂದಿಯಲ್ಲಿ ಸಿಕ್ಕಿದ್ದು. "ಆಚೆ ಅಟ್ರೇ ಅದನ್ನ" ಎಂದು ಒಂದು ತಿಂಗಳು ಕೂಗಾಡಿದ ಅತ್ತೆಯ ಮಡಿಲೇ ಈಗ ಅದರ ಹಾಸಿಗೆ. ಅವರು ಮಂಡಿ ಚಾಚಿ ಕೂತರೆ ಸಾಕು, ಎಲ್ಲಿದ್ದರೂ ಬಂದು ಮಲಗುತ್ತದೆ.

ಡಿಸೆಂಬರ್ ಮೊದಲ ವಾರ ಸಂಘಮಿತ್ರ ಒಂದು ಬಿಳಿ ಗಿಂಡಿಯಂಥ ಯಂತ್ರ ತರಿಸಿದಳು. ನೀರಿಗೆ ನಾಲ್ಕು ಹನಿ ಸುಗಂಧದ ಎಣ್ಣೆ ಹಾಕಿ ಸ್ವಿಚ್ ಒತ್ತಿದರೆ ಹಬೆ ಬಿಡುತ್ತದೆ. ಡಿಫ್ಯೂಸರ್ ಅಂತೆ. ಲ್ಯಾವೆಂಡರ್ ಒಂದು ಶೀಶೆ, ಟೀ ಟ್ರೀ ಒಂದು ಶೀಶೆ. ಹಚ್ಚಿದ ಮೊದಲ ದಿನ ನಾನೂ ಚೆನ್ನಾಗಿದೆ ಎಂದೆ. ಅತ್ತೆ ಮಾತ್ರ ಮೂಗು ಮುಚ್ಚಿಕೊಂಡು, "ಹುಳ ಇದ್ದಿದ್ರೆ ಇದನ್ನ ಈ ಮನೆ ಒಳಕ್ಕೆ ಬಿಡ್ತಿದ್ನಾ ನಾನು?" ಎಂದು ರೇಷ್ಮೆ ಹುಳು ಸಾಕುತ್ತಿದ್ದ ಕಾಲ ಎತ್ತಿದರು.

ಒಂದು ವಾರಕ್ಕೆ ಹುರುಳಿ ಜೊಲ್ಲು ಸುರಿಸತೊಡಗಿತು. ಹಿಂಗಾಲು ತೂರಾಡಿಕೊಂಡು ನಡೆಯಿತು. ಹಾಲು ಮುಟ್ಟಲಿಲ್ಲ. ಇಲ್ಲಿನ ಪಶು ಆಸ್ಪತ್ರೆಗೆ ಎತ್ತಿಕೊಂಡು ಹೋದೆವು. ಡಾಕ್ಟರ್ ಮುನಿಕೃಷ್ಣ ಒಳ್ಳೆಯ ಮನುಷ್ಯ. ಕಣ್ಣು, ನಾಲಿಗೆ ನೋಡಿ, "ಮನೇಲಿ ಏನಾದ್ರೂ ಎಣ್ಣೆ ಗಿಣ್ಣೆ ಹೊಗೆ ಹಾಕ್ತೀರಾ?" ಎಂದು ಕೇಳಿದರು. ಡಿಫ್ಯೂಸರ್ ವಿಷಯ ಹೇಳಿದೆವು.

"ಅಮ್ಮಾ, ನಮ್ ಲಿವರ್ರು ಕರಗಿಸಿ ಆಚೆಗೆ ಕಳ್ಸೋ ಎಣ್ಣೇನ ಬೆಕ್ಕಿನ ಲಿವರ್‌ಗೆ ಕರಗಿಸೋಕೆ ಬರಲ್ಲ. ಹಂಗೇ ಉಳ್ಕೊಂಡು ವಿಷ ಆಗುತ್ತೆ. ಅದೂ ಅಲ್ದೆ ಇದು ನೆಕ್ಕೊಂಡೇ ಸ್ನಾನ ಮಾಡೋ ಪ್ರಾಣಿ. ಮೈ ಮೇಲೆ ಏನ್ ಕೂತ್ರೂ ಹೊಟ್ಟೆಗೇ ಹೋಗೋದು."

ನನಗೆ ಕುತೂಹಲ ತಡೆಯಲಿಲ್ಲ. ನಾಯಿಗೆ? ಎಂದೆ. ಅದಕ್ಕೂ ಆಗಲ್ಲ, ಆದರೆ ಬೆಕ್ಕಿಗಿಂತ ಸ್ವಲ್ಪ ತಡೆಯುತ್ತದೆ ಎಂದರು. ಗಿಳಿಗೆ? ಹಕ್ಕಿಯ ಶ್ವಾಸಕೋಶ ಎಲ್ಲಕ್ಕಿಂತ ಸೂಕ್ಷ್ಮ, ಗಿಳಿ ಇರುವ ಕೋಣೆಯಲ್ಲಿ ಧೂಪವನ್ನೇ ಹಾಕಬಾರದು ಎಂದರು. ಹಸುವಿಗೆ? ಎನ್ನುವಷ್ಟರಲ್ಲಿ ಹಿಂದೆ ಹಸು ಹಿಡಿದುಕೊಂಡು ನಿಂತಿದ್ದವನು, "ಅಕ್ಕಾ, ಹಸಾನೇ ಕೇಳ್ತೈತೆ, ಬೇಗ ಬಿಡ್ರಿ" ಎಂದ. ಮಗಳು ನನ್ನನ್ನು ಎಳೆದುಕೊಂಡು ಆಚೆ ಬಂದಳು.

ಡಿಫ್ಯೂಸರ್ ಡಬ್ಬಿಗೆ ಹೋಯಿತು. ಅದೇ ಹೊತ್ತಿಗೆ ಅತ್ತೆ ಸಮೇತನಹಳ್ಳಿಯ ನಾದಿನಿ ಮನೆಗೆ ತೊಟ್ಟಿಲ ಶಾಸ್ತ್ರಕ್ಕೆ ಹೋಗಿ ನಾಲ್ಕು ದಿನ ಉಳಿದರು. ಹುರುಳಿ ಚೇತರಿಸಿಕೊಂಡಿತು. ಅತ್ತೆ ವಾಪಸು ಬರುವಾಗ ಬಾಗಿಲಿಗೆ ಓಡಿಹೋಗಿ ಕಾಲು ಸುತ್ತಿತು. ಸದ್ಯ ಗೆದ್ದೆವು ಎಂದುಕೊಂಡೆವು. ಒಂದು ವಾರ ಕಳೆಯಿತು, ಮತ್ತೆ ಅದೇ ಜೊಲ್ಲು, ಅದೇ ತೂರಾಟ.

ಆಗ ಶುರುವಾಯಿತು ನೋಡು ನನ್ನ ಚೆಕಿಂಗ್. ದೇವರ ಗೂಡಿನ ಊದುಬತ್ತಿ ನಿಲ್ಲಿಸಿದೆ. ನೆಲ ಒರೆಸುವ ಫಿನಾಯಿಲ್ ಬಿಟ್ಟು ಬರೀ ನೀರು ಮಾಡಿದೆ. ಟ್ರಂಕಿನ ನುಸಿಗುಳಿಗೆ ತೆಗೆದು ಆಚೆ ಹೂತೆ. ಸೊಳ್ಳೆಬತ್ತಿ ಹೋಯಿತು, ಪರದೆ ಬಂತು. ಇವರು ಕರ್ಪೂರ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ, ಅದಕ್ಕೇ ಇವರ ತಲೆಯನ್ನೂ ಮೂಸಿದೆ. "ಮದ್ವೆ ಆಗಿ ಇಷ್ಟ್ ವರ್ಷಕ್ಕೆ ಹತ್ರ ಬಂದು ಮೂಸ್ತಾ ಇದ್ದೀಯಲ್ಲೇ" ಎಂದು ನಕ್ಕರು. ಎಣ್ಣೆ ಶೀಶೆ ಬಸ್ಸಿಗೆ ಹೋಯಿತು. ಬೆಕ್ಕು ಹುಷಾರಾಗಲಿಲ್ಲ.

ಮೊನ್ನೆ ಶುಕ್ರವಾರ ರಜೆ ಹಾಕಿ ದೊಡ್ಡಬಳ್ಳಾಪುರಕ್ಕೆ ಹೋದೆ. ಈ ಎಣ್ಣೆಗಳ ಗುಣ ಬಲ್ಲವರು ನನಗೆ ನೆನಪಾದದ್ದು ನಿಮ್ಮ ಅಂಗಡಿಯವರೇ. ಅಂಗಡಿಯ ಮುಂದೆ ಎರಡು ಸಲ ಹೋಗಿ ಬಂದು ಮಾಡಿ ಕೊನೆಗೆ ಒಳಗೆ ಕಾಲಿಟ್ಟೆ. ಅಕ್ರಂ ಗುರುತು ಹಿಡಿದ. ತಲೆಯೆಲ್ಲ ಬೆಳ್ಳಗಾಗಿದೆ, ಪಾಪ. "ಮಮತಕ್ಕಾ! ಬನ್ನಿ ಬನ್ನಿ, ಕೂತ್ಕೊಳಿ" ಎಂದು ಟೀ ತರಿಸಿದ. ಬೆಕ್ಕಿನ ಕಥೆ ಕೇಳಿ, "ನಮ್ ಅಬ್ಬಾ ಅಂಗಡಿ ಒಳಗೆ ಬಿಲ್ಲಿ ಬಿಡ್ತಾನೇ ಇರ್ಲಿಲ್ಲ ಅಕ್ಕ. ನಾವು ಶೀಶೆ ಉರುಳಿಸ್ತದೆ ಅಂತ ಓಡಿಸ್ತಾರೆ ಅಂದ್ಕೊಂಡಿದ್ವಿ" ಎಂದ. ನೀನೂ ಒಂದು ಬೆಕ್ಕು ಸಾಕಿದ್ದೀಯ ಎಂದು ಅವನೇ ಹೇಳಿದ್ದು. ಏಳುವಾಗ ಇನ್ನೊಂದು ಮಾತು ಹೇಳಿದ: "ಅವತ್ತು ನೌರೀನಕ್ಕ, ಅಮ್ಮಿ ಇಬ್ರೂ ಶಾದಿ ಕಾರ್ಡ್ ಕೊಡೋಕೆ ನಿಮ್ಮನೆಗೆ ಬಂದಾಗ ನೀವು ಊರಲ್ಲಿ ಇರ್ಲಿಲ್ವಂತಲ್ಲ. ಅಕ್ಕ ಆಮೇಲೂ ಎಷ್ಟೋ ದಿನ ಹೇಳ್ತಾ ಇದ್ಲು." ನಾನು ಹೂಂ ಎಂದು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಈಗ ನಾನು ಮಾತು ಬಿಟ್ಟ ಕಾರಣಕ್ಕೆ ಬರುತ್ತೇನೆ. ನಾನು ಮದುವೆಯಾಗಿ ಬಂದಾಗ ಇದು ರೇಷ್ಮೆ ಹುಳು ಮೇಯಿಸುವ ಮನೆ. ಮನೆಯ ಪಕ್ಕಕ್ಕೆ ಬೇರೆಯೇ ಒಂದು ಹುಳುಮನೆ. ಹುಳುವಿಗೆ ವಾಸನೆ ಆಗದು. ಅದರ ಒಳಗೆ ಹೋಗುವ ಹೆಂಗಸು ಹೂವು ಮುಡಿಯುವಂತಿಲ್ಲ, ಪೌಡರ್ ಹಾಕುವಂತಿಲ್ಲ. ಬೀಡಿ ಸೇದಿದ ಗಂಡಸು ಹೊಸ್ತಿಲು ದಾಟುವಂತಿಲ್ಲ. ಹುಳು ಇರುವ ತಿಂಗಳು ಮನೆಯಲ್ಲಿ ಒಗ್ಗರಣೆ ಕೂಡ ಹಿಂಬದಿಯ ಒಲೆಯಲ್ಲೇ. ಈ ಕಾನೂನಿಗೆಲ್ಲ ಅತ್ತೆಯೇ ಪೊಲೀಸು, ಅತ್ತೆಯೇ ಜಡ್ಜು. ನನಗೆ ಅದೆಲ್ಲ ತಮಾಷೆಯಾಗಿಯೂ ಇತ್ತು, ಇಷ್ಟವಾಗಿಯೂ ಇತ್ತು. ಮೈ ತೊಳೆದು ವಾಸನೆಯಿಲ್ಲದೆ ಒಳಗೆ ನಿಂತರೆ ಹುಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು.

ನನ್ನ ಮದುವೆಗೆ ನೀನು ಕೊಟ್ಟ ಲಾವಂಚದ ಅತ್ತರು ನೆನಪಿದೆಯಾ? ಬೆರಳಿನಷ್ಟು ಶೀಶೆ. ನನ್ನ ಟ್ರಂಕಿನ ತಳದಲ್ಲಿ ಸೀರೆ ಸುತ್ತಿ ಇಟ್ಟಿದ್ದೆ, ಮುಚ್ಚಳ ತೆರೆದಿರಲಿಲ್ಲ. ಮದುವೆಯಾಗಿ ಎರಡನೇ ತಿಂಗಳು, ಚಳಿಗಾಲದಲ್ಲೇ, ನಾಲ್ಕನೇ ಜ್ವರ ಎದ್ದ ಹುಳು, ಅಂದರೆ ಇನ್ನೇನು ಗೂಡು ಕಟ್ಟಬೇಕಾದ ಹುಳು, ಮೇವು ಬಿಟ್ಟು ಮೆತ್ತಗಾಗಿ ತಟ್ಟೆ ತಟ್ಟೆಯೇ ಸತ್ತಿತು. ಅತ್ತೆ ಮನೆಯೆಲ್ಲ ಜಾಲಾಡಿದರು. ಟ್ರಂಕಿನಲ್ಲಿ ಶೀಶೆ ಸಿಕ್ಕಿತು. ಅಕ್ಕಪಕ್ಕದವರೆಲ್ಲ ಸೇರಿದ್ದರು. "ಹೊಸ ಸೊಸೆ ಅತ್ತರು ಇಟ್ಕಂಡವ್ಳೆ" ಎಂಬ ಮಾತು ಬೀದಿ ತುಂಬ ಓಡಾಡಿತು. ನಾನೇ ಶೀಶೆ ತೆಗೆದುಕೊಂಡು ಹೋಗಿ ಎಲ್ಲರೆದುರು ತಿಪ್ಪೆಗೆ ಬಗ್ಗಿಸಿದೆ. ನಂಬಿಬಿಟ್ಟೆ ನೌರೀನ್. ಅಷ್ಟು ಜೀವ ನನ್ನಿಂದ ಹೋಯಿತು ಎಂದು ನಂಬಿದೆ. ಆಮೇಲೆ ನಿನ್ನನ್ನು ನೆನೆಸಿಕೊಂಡರೂ ಸತ್ತ ಹುಳುವಿನ ತಟ್ಟೆಗಳೇ ಕಣ್ಣಿಗೆ ಬರುತ್ತಿದ್ದವು. ನಾನು ಮಾತು ಬಿಟ್ಟದ್ದು ಇದಕ್ಕೆ.

ಹುಳು ಸಾಕುವುದನ್ನು ನಿಲ್ಲಿಸಿ ಹತ್ತು ವರ್ಷವಾಯಿತು. ಹುಳುಮನೆ ಈಗ ಅತ್ತೆಯ ಕೋಣೆ. ಆದರೂ ಅಲ್ಲಿ ಊದುಬತ್ತಿ ಇಲ್ಲ, ಹೂವಿಲ್ಲ, ಸೋಪು ಕೂಡ ಇಡುವುದಿಲ್ಲ, ಅಭ್ಯಾಸ ಹೋಗಿಲ್ಲ. ಇವತ್ತು ಬೆಳಿಗ್ಗೆ ನನಗೆ ಹೊಳೆಯಿತು: ಈ ಊರಿನಲ್ಲೇ ವಾಸನೆ ಇಲ್ಲದ ಜಾಗವೆಂದರೆ ಹುಳುಮನೆ. ಹುರುಳಿಯ ಬುಟ್ಟಿಯನ್ನು ಅಲ್ಲಿಗೇ ಸಾಗಿಸಿದ್ದೇನೆ. ಅತ್ತೆ ಅದನ್ನು ಶಾಲಿನಲ್ಲಿ ಸುತ್ತಿ ಮಡಿಲಿಗೆ ಹಾಕಿಕೊಂಡು ಕೂತಿದ್ದಾರೆ. ಉಳಿದರೆ ಅಲ್ಲೇ ಉಳಿಯಬೇಕು. ಸಂಘಮಿತ್ರ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದಾಳೆ. ಹುರುಳಿಯ ಗತಿ ಏನಾಯಿತೆಂದು ತಿಳಿಯದೆ ಈ ಕಾಗದ ಮುಚ್ಚಲು ಮನಸ್ಸು ಬರುತ್ತಿಲ್ಲ. ಇಟ್ಟಿರುತ್ತೇನೆ.

18 ಜನವರಿ, ಭಾನುವಾರ

ಬದುಕಿದೆ. ಮೊದಲು ಅದನ್ನು ಬರೆದುಬಿಡುತ್ತೇನೆ.

ಸೋಮವಾರ ನಾನು ಶಿಫ್ಟಿಗೆ ಹೋದೆ. ಅತ್ತೆ ಇಡೀ ದಿನ ಬೆಕ್ಕನ್ನು ಕೆಳಗಿಳಿಸಲಿಲ್ಲವಂತೆ. ಮಂಗಳವಾರ ಬೆಳಿಗ್ಗೆ ನೋಡಿದರೆ ಮೈಯೆಲ್ಲ ನಡುಗುತ್ತಿದೆ, ಕುತ್ತಿಗೆ ಒಂದು ಕಡೆಗೆ ಸೆಳೆದಿದೆ, ಕಣ್ಣು ನೆಟ್ಟುಕೊಂಡಿದೆ. ಮಗಳು ಸ್ಕೂಟಿ ಓಡಿಸಿದಳು, ನಾನು ಹಿಂದೆ ಬುಟ್ಟಿ ಹಿಡಿದು ಕೂತೆ. ದಾರಿಯುದ್ದಕ್ಕೂ "ಹುಳುಮನೇಲೂ ಉಳೀಲಿಲ್ವಲ್ಲಮ್ಮ" ಎಂದು ಅಳುತ್ತಲೇ ಓಡಿಸಿದಳು.

ಡಾಕ್ಟರ್ ಬೆಕ್ಕನ್ನು ಮೇಜಿನ ಮೇಲೆ ಮಲಗಿಸಿ ಬಗ್ಗಿದವರು ಹಾಗೇ ನಿಂತರು. ಅದರ ಹೊಟ್ಟೆಯ ಕೂದಲಿಗೆ ಮೂಗು ಹಿಡಿದರು. "ಬೆಕ್ಕಿಗೆ ನೋವಿನ ಎಣ್ಣೆ ಹಚ್ಚಿದ್ದೀರಾ?" ಎಂದು ಗದರಿದರು. ಇಲ್ಲ ಸಾರ್ ಎಂದೆ. "ಮೂಸಿ ನೋಡ್ರೀ ನೀವೇ."

ಮೂಸಿದೆ. ಆ ಕೋಣೆಯಲ್ಲಿ ಬರೀ ಸ್ಪಿರಿಟ್ಟಿನ ವಾಸನೆ, ಅದರ ನಡುವೆ ಹುರುಳಿಯ ಮೈಯಿಂದ ಬೇರೆಯೇ ಘಾಟು. ನೀಲಗಿರಿ ಎಣ್ಣೆ. ಅದರ ಜೊತೆ ಕರ್ಪೂರ. ನಮ್ಮ ಅತ್ತೆಯ ಮಂಡಿ! ಇಪ್ಪತ್ತೆರಡು ವರ್ಷ ಆ ವಾಸನೆಯಲ್ಲೇ ಉಂಡು ಮಲಗಿ ನನ್ನ ಮೂಗಿಗೆ ಅದೊಂದು ವಾಸನೆ ಎಂಬುದೇ ಮರೆತುಹೋಗಿತ್ತು. ಗಂಡನ ತಲೆ ಮೂಸಿದವಳು ಅತ್ತೆಯ ಮಂಡಿ ಮೂಸಲಿಲ್ಲ. ಚಳಿಗೆ ಅವರು ಹಚ್ಚಿಕೊಳ್ಳುವುದು ಇದ್ದದ್ದೇ, ಈ ಸಲ ನೋವು ಜಾಸ್ತಿಯಾಗಿ ದಿನಕ್ಕೆ ಮೂರು ಸಲ ಹಚ್ಚಿಕೊಳ್ಳುತ್ತಿದ್ದರು. ಹುರುಳಿ ಆ ಮಂಡಿಯ ಮೇಲೆಯೇ ಮಲಗಿ, ಎದ್ದು, ಮೈ ನೆಕ್ಕಿಕೊಳ್ಳುತ್ತದೆ. ಅವರು ಸಮೇತನಹಳ್ಳಿಗೆ ಹೋದಾಗ ಅದು ಗೆಲುವಾದದ್ದು ಯಾಕೆಂದು ಆಗ ತಿಳಿಯಿತು. ಉಳಿಸಬೇಕೆಂದು ಅದನ್ನು ಒಯ್ದು ಅಲ್ಲಿಗೇ ಹಾಕಿದವಳು ನಾನು.

ಡಾಕ್ಟರ್ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದರ ಮೈಯನ್ನು ಎರಡು ಸಲ ತೊಳೆಸಿದರು, ಬೆಚ್ಚಗೆ ಒರೆಸಿ ಇಂಜೆಕ್ಷನ್ ಕೊಟ್ಟು ಡ್ರಿಪ್ ಹಾಕಿದರು. ಮಧ್ಯಾಹ್ನದ ಹೊತ್ತಿಗೆ ನಡುಕ ನಿಂತಿತು. ಬುಧವಾರ ಸಂಜೆ ಒಂದು ಚಮಚ ಹಾಲು ನೆಕ್ಕಿತು. ಆ ಒಂದು ಚಮಚ ಹಾಲಿಗೆ ನಾವು ನಾಲ್ಕು ಜನ ಸುತ್ತ ಕೂತಿದ್ದೆವು.

ಅತ್ತೆಗೆ ಹೇಳಿದಾಗ ಮೊದಲು ಜಗಳಕ್ಕೇ ಬಂದರು. "ಇದು ಔಸ್ದಿ ಕಣೆ! ಇದ್ರಾಗೆ ವಾಸ್ನೆ ಎಲ್ಲೈತೆ?" ನೋಡು, ನಮ್ಮ ಮನೆಯ ಕಾನೂನಿನಲ್ಲಿ ಹೂವು, ಪೌಡರ್, ಅತ್ತರು, ಬೀಡಿ ಇವು ವಾಸನೆ. ಮಂಡಿಯ ಎಣ್ಣೆ ಔಷಧಿ. ಅದನ್ನು ವಾಸನೆಯ ಪಟ್ಟಿಗೆ ಯಾರೂ ಸೇರಿಸಿಯೇ ಇರಲಿಲ್ಲ. ಶೀಶೆ ತಂದು ಅವರ ಮೂಗಿನ ಕೆಳಗೆ ಹಿಡಿದೆ. ಮೂಸಿದರು, ಕೈ ಮೂಸಿಕೊಂಡರು. ಹಬ್ಬದ ದಿನ ಎಳ್ಳು ಬೆಲ್ಲ ಕೂಡ ಬಾಯಿಗೆ ಹಾಕಲಿಲ್ಲ.

ಶುಕ್ರವಾರ ನಾನು ಅವರೆಕಾಯಿ ಬಿಡಿಸುತ್ತಿದ್ದೆ. ಬಂದು ಎದುರಿಗೆ ಕೂತರು.

"ಮಮತಾ, ಆವತ್ತು ಹುಳ ಹೋದವಲ್ಲ. ಆಗ್ಲೂ ಇದ್ನೇ ಹಚ್ಕಂಡಿದ್ದೆ."

ನಾನು ಕೈ ನಿಲ್ಲಿಸಿದೆ.

"ಬಾವಿ ತಾವ ಜಾರಿ ಬಿದ್ದು ಮಂಡಿ ಊದ್ಕಂಡಿತ್ತು. ಬೆಳಗ್ಗೆ ಎದ್ದು ಎಣ್ಣೆ ತಿಕ್ಕಂಡು ಅದೇ ಕೈಲಿ ಸೊಪ್ಪು ಹಾಕ್ದೆ. ಎಂಟು ದಿನ."

"ನಿಮ್ಗೆ ಆವಾಗ್ಲೇ ಗೊತ್ತಿತ್ತಾ ಅತ್ತೆ?"

"ಮೊದ್ಲು ಗೊತ್ತಿರ್ಲಿಲ್ಲ. ನೀನು ತಿಪ್ಪೆ ತಾವ ಶೀಶೆ ಬಗ್ಗಿಸ್ದೆಯಲ್ಲ, ಆ ವಾಸ್ನೆ ಬಂದಾಗ ಕೈ ಮೂಸ್ಕಂಡೆ. ಅಷ್ಟೊತ್ಗೆ ಊರೆಲ್ಲ ನಿನ್ನ ಹೆಸ್ರು ಹೇಳ್ಬಿಟ್ಟಿತ್ತು. ಹೆಂಗೆ ಬಾಯಿ ಬಿಡ್ಲಿ? ಇವತ್ತು ನಾಳೆ ಅಂತ ಇದ್ಬಿಟ್ಟೆ."

ಸುಳ್ಳು ಬರೆಯುವುದಿಲ್ಲ, ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಹಿತ್ತಲಿಗೆ ಹೋದೆ. ಆ ದಿನ ಅವರ ಮುಖ ನೋಡಲಿಲ್ಲ. ನಿನ್ನೆ ಶನಿವಾರ ರೇಷ್ಮೆ ಇಲಾಖೆಯಲ್ಲಿದ್ದು ರಿಟೈರಾದ ಮೂರ್ತಿಯವರನ್ನು ಹುಡುಕಿಕೊಂಡು ಹೋದೆ. ನನ್ನ ಕುತೂಹಲ ನಿನಗೆ ಗೊತ್ತಲ್ಲ. ಇಷ್ಟು ಹಳೆಯ ಸಾವಿಗೆ ಈಗ ಕಾರಣ ಹೇಳಬಹುದಾ ಎಂದು ಕೇಳಿದೆ. ಅವರು ನಕ್ಕರು. "ಮುಚ್ಚಿದ ಶೀಶೆ ಟ್ರಂಕಲ್ಲಿದ್ರೆ ಹುಳಕ್ಕೆ ಏನೂ ಆಗಲ್ಲಮ್ಮ. ಎಣ್ಣೆ ಕೈ ಅಂದ್ರೆ ಸ್ವಲ್ಪ ತೊಂದ್ರೆ ಕೊಟ್ಟಿರ್ಬೋದು. ಆದ್ರೆ ನೀವು ಹೇಳೋದು ನೋಡಿದ್ರೆ ಸಪ್ಪೆ ರೋಗ. ಮಂಜು ಬಿದ್ದ ಒದ್ದೆ ಸೊಪ್ಪು ಹಾಕಿರ್ತೀರಿ. ಆ ವರ್ಷ ಎಷ್ಟೋ ಮನೇಲಿ ಹೋಗಿತ್ತು." ಅಂದರೆ ನಾನೂ ಅಲ್ಲ, ಅತ್ತೆಯೂ ಅಲ್ಲದೆ ಇರಬಹುದು. ಇನ್ನು ಯಾರಿಗೂ ಖಚಿತವಾಗಿ ಗೊತ್ತಾಗುವುದಿಲ್ಲ. ಇಬ್ಬರೂ ಒಂದೇ ಮನೆಯಲ್ಲಿ ಇಪ್ಪತ್ತೆರಡು ವರ್ಷ ಬೇರೆ ಬೇರೆಯಾಗಿ ಅದನ್ನು ಹೊತ್ತುಕೊಂಡಿದ್ದೆವು. ಬಂದು ಅತ್ತೆಗೆ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ನನಗೂ ತಡೆಯಲಾಗಲಿಲ್ಲ.

ಈಗ ಅವರ ಮಂಡಿಗೆ ಎಣ್ಣೆ ಇಲ್ಲ. ಬಟ್ಟೆಯಲ್ಲಿ ಉಪ್ಪು ಕಟ್ಟಿ ಹೆಂಚಿನ ಮೇಲೆ ಕಾಯಿಸಿ ಶಾಖ ಕೊಡುತ್ತೇವೆ. ಹುರುಳಿಗೆ ಆ ಬಿಸಿ ಮಂಡಿ ಇನ್ನಷ್ಟು ಹಿಡಿಸಿದೆ.

ನಿನ್ನ ಬೆಕ್ಕಿನ ಹೆಸರೇನು? ಅಕ್ರಂನನ್ನು ಕೇಳಲು ಮರೆತೆ. ನಿಮ್ಮಮ್ಮ ಗುರುವಾರ ಸಂಜೆ ಲೋಬಾನ ಹಾಕುತ್ತಿದ್ದರಲ್ಲ, ನೀನೂ ಹಾಕುತ್ತಿದ್ದರೆ ಬೆಕ್ಕನ್ನು ಆಚೆ ಬಿಟ್ಟು, ಕಿಟಕಿ ತೆರೆದು, ಹೊಗೆ ಪೂರ್ತಿ ಹೋದ ಮೇಲೆ ಒಳಗೆ ಕರಿ. ಮಣಿಕಟ್ಟಿಗೆ ಅತ್ತರು ಹಚ್ಚಿಕೊಂಡ ಕೈಯಲ್ಲಿ ಸವರಬೇಡ. ಜೊಲ್ಲು ಕಂಡರೆ ಮನೆ ಮದ್ದು ಮಾಡಬೇಡ, ಡಾಕ್ಟರ ಹತ್ತಿರ ಓಡು. ಇಷ್ಟು ಹೇಳುವುದಕ್ಕಾದರೂ ನಾನು ನಿನಗೆ ಬರೆಯಬೇಕಿತ್ತು.

ನಿಮ್ಮಮ್ಮ ಅನ್ವರ್ ಬೇಗಂ ಅವರಿಗೆ ನನ್ನ ನಮಸ್ಕಾರ. ನಿಮ್ಮವರು ಸಮೀರ್ ಅವರಿಗೂ. ನಿನ್ನ ಮಕ್ಕಳಿಗೆ ಆಶೀರ್ವಾದ. ಎಷ್ಟು ಮಕ್ಕಳು ಎಂದು ಅಕ್ರಂನನ್ನು ಕೇಳಲು ನಾಚಿಕೆಯಾಯಿತು. ಅವನ ಕೈಯಲ್ಲೇ ಒಂದು ಡಬ್ಬಿ ಎಳ್ಳು ಬೆಲ್ಲವನ್ನೂ ಕಳಿಸುತ್ತಿದ್ದೇನೆ, ಕೊಬ್ಬರಿ ಜಾಸ್ತಿ ಹಾಕಿದ್ದೇನೆ, ನಿನಗೆ ಇಷ್ಟವಾಗಿತ್ತು. ನಿನ್ನ ಮನೆ ತಣ್ಣಗಿರಲಿ, ನೀನು ನೂರು ಕಾಲ ಜಂಬ ಮಾಡಿಕೊಂಡು ಬಾಳು.

ನಿನ್ನ
ಮಮತ

ತಾ.ಕ.: ಕಾಗದ ಮಡಿಸಿದವಳು ಮತ್ತೆ ಬಿಚ್ಚಿದ್ದೇನೆ. ಅಷ್ಟು ವರ್ಷ ಬಾಯಿ ಬಿಡದ ಅತ್ತೆಯ ಮೇಲೆ ಉರಿದುಬಿದ್ದವಳು ನನ್ನದನ್ನು ಮುಚ್ಚಿಟ್ಟರೆ ಆಗುವುದಿಲ್ಲ. ನೀನೂ ನಿಮ್ಮಮ್ಮನೂ ಕಾರ್ಡ್ ಕೊಡಲು ಬಂದ ದಿನ ನಾನು ಎಲ್ಲಿಗೂ ಹೋಗಿರಲಿಲ್ಲ. ಹುಳುಮನೆಯ ಬಾಗಿಲ ಹಿಂದೆ ನಿಂತಿದ್ದೆ. ನೀನು ಮಾತಾಡುವ ಮೊದಲೇ ಗಾಳಿಯಲ್ಲಿ ನಿನ್ನ ಅತ್ತರು ಬಂತು, ನೀನೇ ಎಂದು ಗೊತ್ತಾಯಿತು. ಒಳಗೆ ಹೊಸ ಹುಳು ಇತ್ತು. ನಾನು ಹೆದರಿದೆ. ಅತ್ತೆ ನನ್ನನ್ನು ತಡೆಯಲಿಲ್ಲ ನೌರೀನ್. "ಹೋಗಿ ಮಾತಾಡ್ಸೇ, ಆಮೇಲೆ ಸ್ನಾನ ಮಾಡ್ಕಂಡು ಬಾ" ಎಂದೇ ಹೇಳಿದರು. ನಾನು ಊರಲ್ಲಿಲ್ಲ ಎಂದು ಹೇಳಿಬಿಡಿ ಎಂದವಳು ನಾನೇ. ಕಾರ್ಡಿಗೂ ನಿನ್ನ ವಾಸನೆ ಇತ್ತು. ಅದನ್ನು ಒಳಗೆ ತರದೆ, ವಾಸನೆ ಹೋಗಲಿ ಎಂದು ಬಟ್ಟೆ ಒಣಗಿಸುವ ಹಗ್ಗಕ್ಕೆ ಸಿಕ್ಕಿಸಿದೆ. ಹುಳು ಗೂಡು ಕಟ್ಟಿದ ಮೇಲೆ ತೆಗೆದು ಓದಿದೆ. ನಿನ್ನ ಮದುವೆ ಮುಗಿದು ಮೂರು ದಿನವಾಗಿತ್ತು.